"ಎಣ್ಣೆ ನಂಜಾಗಲ್ವಾ ಮೇಡಂ?" – 57 ಗಾಯಾಳುಗಳ ಒಂದು ಪ್ರಕರಣ ಅಧ್ಯಯನ

ಐಸಿಯುನಲ್ಲಿ ಬಿಳಿ ಬಾಟಲಿ ನೇತುಹಾಕಿದ ದಿನ ಮನೆಯವರು ತಪ್ಪದೆ ಕೇಳುವ ಮಾತೊಂದಿದೆ: "ರಕ್ತಕ್ಕೆ ಹಾಲು ಬಿಡ್ತಿದೀರಾ?" ನೋಡಲು ಥೇಟ್ ಹಾಲೇ. ಅದೇ ಬಣ್ಣ, ಅದೇ ದಪ್ಪ. ಒಮ್ಮೆ ಅಪಘಾತದಲ್ಲಿ ಹೊಟ್ಟೆಗೆ ಪೆಟ್ಟು ಬಿದ್ದು ಕರುಳಿನ ಆಪರೇಷನ್ ಆಗಿದ್ದ ಹುಡುಗನೊಬ್ಬನ ಅಕ್ಕ ಹೀಗೇ ಕೇಳಿದರು. "ಹಾಲಲ್ಲಮ್ಮ, ಸೋಯಾಬೀನ್ ಎಣ್ಣೆ" ಎಂದೆ. ಅವರ ಮುಖ ಸಪ್ಪಗಾಯಿತು.

"ಎಣ್ಣೆನಾ? ಹೊಟ್ಟೆ ಕೊಯ್ದಿದಾರೆ, ಗಾಯ ಇನ್ನೂ ಹಸಿ ಇದೆ. ಎಣ್ಣೆ ನಂಜಾಗಲ್ವಾ ಮೇಡಂ?"

ನಮ್ಮ ಕಡೆ ಗಾಯ ಆದವರಿಗೆ ಎಣ್ಣೆ ಪದಾರ್ಥ, ಬದನೆಕಾಯಿ ಕೊಡೋದಿಲ್ಲ. ಕೊಟ್ಟರೆ ನಂಜೇರಿ ಕೀವಾಗುತ್ತದೆ ಅನ್ನುವುದು ಹಿರಿಯರ ಮಾತು. ನಾನು ಐಸಿಯು ಡಯೆಟಿಷಿಯನ್. ಬಾಯಿಂದ ತಿನ್ನುವ ಎಣ್ಣೆಯ ಬಗ್ಗೆ ಆ ಮಾತಿಗೆ ನನ್ನ ಬಳಿ ಆಧಾರ ಇಲ್ಲ. ಆದರೆ ಅವರು ಕೇಳಿದ್ದು ನೇರ ರಕ್ತಕ್ಕೆ ಹೋಗುವ ಎಣ್ಣೆಯ ಬಗ್ಗೆ. ಆ ಪ್ರಶ್ನೆಯನ್ನು ಅಮೆರಿಕದ ಒಂದು ಆಸ್ಪತ್ರೆಯಲ್ಲಿ 57 ಗಾಯಾಳುಗಳ ಮೇಲೆ ಇಟ್ಟು ಪರೀಕ್ಷಿಸಿದ್ದರು. ಸಿಕ್ಕ ಉತ್ತರ ಆಗ ಎಲ್ಲರನ್ನೂ ಬೆಚ್ಚಿಬೀಳಿಸಿತು. ಇವತ್ತಿಗೂ ನಮ್ಮ ಕೆಲಸದ ಮೇಲೆ ಅದರ ನೆರಳಿದೆ. ಈ ಬರಹ ಆ ಪ್ರಯೋಗದ ಬಗ್ಗೆ.

ಬಾಟಲಿಯೊಳಗೆ ಏನಿದೆ

ಎಣ್ಣೆಯನ್ನು ಹಾಗೇ ರಕ್ತನಾಳಕ್ಕೆ ಬಿಟ್ಟರೆ ಅದು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಪ್ರಾಣ ತೆಗೆಯುತ್ತದೆ. ಅದಕ್ಕೇ ಎಣ್ಣೆಯನ್ನು ನೀರಿನಲ್ಲಿ ಸಣ್ಣ ಸಣ್ಣ ಹನಿಗಳಾಗಿ ಒಡೆಯಬೇಕು. ಒಡೆದ ಹನಿ ಮತ್ತೆ ಕೂಡಿಕೊಳ್ಳಬಾರದು. ಮಾಮೂಲಿ 20 ಪರ್ಸೆಂಟ್ ಬಾಟಲಿಯ 100 ಮಿಲಿಯಲ್ಲಿ 20 ಗ್ರಾಂ ಸೋಯಾ ಎಣ್ಣೆ ಇರುತ್ತದೆ. ಹನಿಗಳನ್ನು ಬಿಡಿಬಿಡಿಯಾಗಿ ಇಡಲು ಮೊಟ್ಟೆಯ ಹಳದಿ ಭಾಗದಿಂದ ತೆಗೆದ 1.2 ಗ್ರಾಂ ಫಾಸ್ಫೋಲಿಪಿಡ್, ಜೊತೆಗೆ ಸ್ವಲ್ಪ ಗ್ಲಿಸರಿನ್. ಹನಿಯ ಸರಾಸರಿ ಗಾತ್ರ ಅರ್ಧ ಮೈಕ್ರಾನ್ ದಾಟುವಂತಿಲ್ಲ. ಮೊಟ್ಟೆ ಅಲರ್ಜಿ ಇದೆಯಾ ಅಂತ ಮೊದಲೇ ಕೇಳುವುದು ಇದಕ್ಕೇ. ಮೊಟ್ಟೆ ಮುಟ್ಟದ ಮನೆಯವರಿಗೂ ಇದನ್ನು ಮುಚ್ಚಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಹೇಳಿದರೆ ಅವರು ಯೋಚಿಸಿ ಒಪ್ಪುತ್ತಾರೆ. ಆಮೇಲೆ ಬೇರೆ ಕಡೆಯಿಂದ ಗೊತ್ತಾದರೆ ನೋಯುತ್ತಾರೆ.

ಈ ಎಣ್ಣೆ ಯಾಕೆ ಬೇಕು? ಕರುಳು ಕೆಲಸ ನಿಲ್ಲಿಸಿದವರಿಗೆ ರಕ್ತನಾಳದ ಮೂಲಕವೇ ಊಟ ಕೊಡಬೇಕು. ಅಮೆರಿಕದಲ್ಲಿ ಹತ್ತಿಬೀಜದ ಎಣ್ಣೆಯಿಂದ ಮಾಡಿದ ಒಂದು ದ್ರಾವಣ ಮೊದಲು ಬಂತು. ಅದರಿಂದ ತೊಂದರೆಗಳಾದವು. 1960ರ ದಶಕದಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಅತ್ತ ಸ್ವೀಡನ್‌ನಲ್ಲಿ ಆರ್ವಿಡ್ ವ್ರೆಟ್ಲಿಂಡ್ ಸೋಯಾ ಎಣ್ಣೆಗೆ ಮೊಟ್ಟೆಯ ಫಾಸ್ಫೋಲಿಪಿಡ್ ಸೇರಿಸಿ ಇಂಟ್ರಾಲಿಪಿಡ್ ಮಾಡಿದರು. 1962ರಿಂದ ಅಲ್ಲಿ ಅದು ಬಳಕೆಗೆ ಬಂತು. ಅಮೆರಿಕಕ್ಕೆ ಬರಲು 1975 ಆಯಿತು. ನಡುವಿನ ವರ್ಷಗಳಲ್ಲಿ ಅಲ್ಲಿನ ರೋಗಿಗಳು ಬರೀ ಗ್ಲೂಕೋಸ್ ಮತ್ತು ಅಮೈನೋ ಆಸಿಡ್ ಮೇಲೆ ಬದುಕಿದರು. ಕೆಲವೇ ವಾರಗಳಲ್ಲಿ ಚರ್ಮ ಒಣಗಿ ಹೊಟ್ಟು ಏಳುತ್ತಿತ್ತು, ಕೂದಲು ಉದುರುತ್ತಿತ್ತು, ಗಾಯ ಮಾಯುತ್ತಿರಲಿಲ್ಲ. ದೇಹ ತಾನಾಗಿ ಮಾಡಿಕೊಳ್ಳಲಾಗದ ಕೊಬ್ಬಿನ ಆಮ್ಲಗಳು ಸಿಗದಿದ್ದರೆ ಹೀಗಾಗುತ್ತದೆ. 1974ರಲ್ಲಿ ಕೆಲವು ವೈದ್ಯರು ಇಂಥ ಕೊರತೆ ಇದ್ದ ರೋಗಿಗಳ ಚರ್ಮಕ್ಕೆ ಸೂರ್ಯಕಾಂತಿ ಎಣ್ಣೆ ಹಚ್ಚಿ ನೋಡಿದರು. ರಕ್ತದಲ್ಲಿ ಆ ಆಮ್ಲಗಳ ಮಟ್ಟ ಏರಿತು! ಕೂಸಿಗೆ ದಿನಾ ಎಣ್ಣೆ ಹಚ್ಚಿ ನೀರು ಹಾಕುವ ನಮ್ಮ ಅಜ್ಜಿಯರಿಗೆ ಇದನ್ನು ಹೇಳಿದ್ದರೆ ಎಷ್ಟು ಖುಷಿಪಡುತ್ತಿದ್ದರೋ.

ಅಂದರೆ ಎಣ್ಣೆ ಬೇಕೇ ಬೇಕು. ಯಾವಾಗ, ಎಷ್ಟು, ಎಷ್ಟು ವೇಗವಾಗಿ, ಯಾವ ಎಣ್ಣೆ ಅನ್ನುವುದರಲ್ಲೇ ತಕರಾರು.

ಪ್ರಯೋಗ ನಡೆದ ಬಗೆ

1980ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವರದಿ ಬಂದಿತ್ತು. ಇಂಟ್ರಾಲಿಪಿಡ್ ಕೊಟ್ಟರೆ ಬ್ಯಾಕ್ಟೀರಿಯಾ ವಿರುದ್ಧ ದೇಹದ ಕಾವಲು ಸಡಿಲವಾಗುತ್ತದೆ ಎಂದು ಅದು ಹೇಳಿತ್ತು. ಆಮೇಲೆ ಲ್ಯಾಬ್‌ಗಳಲ್ಲಿ ಇಂಥ ಸೂಚನೆಗಳು ಸಿಗುತ್ತಲೇ ಹೋದವು. ಆದರೆ ಲ್ಯಾಬ್‌ನಲ್ಲಿ ಕೋಶಗಳು ಮಂಕಾಗುವುದು ಬೇರೆ, ವಾರ್ಡಿನಲ್ಲಿ ರೋಗಿ ಕೆಡುವುದು ಬೇರೆ. ಎರಡನ್ನೂ ಒಂದೇ ರೋಗಿಯಲ್ಲಿ ಅಳೆಯಬೇಕಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಘಟಕದ ಸರ್ಜನ್ ಫೆಲಿಕ್ಸ್ ಬ್ಯಾಟಿಸ್ಟೆಲ್ಲಾ ಮತ್ತು ಸಂಗಡಿಗರು ಆ ಕೆಲಸ ಮಾಡಿದರು. 1997ರಲ್ಲಿ ಅದು ಜರ್ನಲ್ ಆಫ್ ಟ್ರಾಮಾದಲ್ಲಿ ಅಚ್ಚಾಯಿತು.

ಅವರು ಆರಿಸಿಕೊಂಡವರು ಮೈಮೇಲೆ ಹಲವು ಕಡೆ ದೊಡ್ಡ ಪೆಟ್ಟು ಬಿದ್ದು ಟಿಪಿಎನ್ ಬೇಕಾದ ರೋಗಿಗಳು. ಟಿಪಿಎನ್ ಅಂದರೆ ಪೂರ್ತಿ ಊಟ ರಕ್ತನಾಳದಿಂದ. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿದರು. 30 ಜನರಿಗೆ ಎಲ್ಲರಿಗೂ ಕೊಡುವಂತೆ ಎಣ್ಣೆ ಸಮೇತ ಟಿಪಿಎನ್. ಉಳಿದ 27 ಜನರಿಗೆ ಮೊದಲ 10 ದಿನ ಎಣ್ಣೆ ಇಲ್ಲ. ಅಮೈನೋ ಆಸಿಡ್ ಮತ್ತು ಗ್ಲೂಕೋಸ್ ಎರಡೂ ಗುಂಪಿಗೆ ಒಂದೇ ಪ್ರಮಾಣ. ಗಾಯದ ತೀವ್ರತೆಯೂ ಹೆಚ್ಚುಕಡಿಮೆ ಒಂದೇ. ಕೈತಪ್ಪಿದ್ದು ಒಂದೇ ಒಂದು ಸಂಗತಿ. ಅದಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ಇಡೀ ಪ್ರಕರಣದ ಗಂಟು ಇರುವುದು ಅಲ್ಲೇ.

ಫಲಿತಾಂಶ ಹೀಗಿತ್ತು. ಎಣ್ಣೆ ಪಡೆದವರು ಆಸ್ಪತ್ರೆಯಲ್ಲಿ ಸರಾಸರಿ 39 ದಿನ ಇದ್ದರು, ಪಡೆಯದವರು 27 ದಿನ. ಐಸಿಯುನಲ್ಲಿ 29 ದಿನ, ಎದುರಿಗೆ 18. ವೆಂಟಿಲೇಟರ್ ಮೇಲೆ 27 ದಿನ, ಎದುರಿಗೆ 15. ಎಣ್ಣೆಯ ಗುಂಪಿನಲ್ಲಿ ಒಟ್ಟು 72 ಸೋಂಕು, ಇನ್ನೊಂದರಲ್ಲಿ 39. ತಲೆಗೆ ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ 2.4 ಸೋಂಕು, ಎದುರಿಗೆ 1.4.

ವೆಂಟಿಲೇಟರ್ ಮೇಲೆ 12 ದಿನ ಜಾಸ್ತಿ. ಐಸಿಯು ಹೊರಗೆ ಕಾಯುತ್ತಾ ಕೂತವರಿಗೆ ಆ 12 ದಿನ ಅಂದರೆ ಏನು ಅಂತ ಗೊತ್ತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಒಳಗೆ ಹೋಗಿ ಕೈ ಮುಟ್ಟಿ ಬರುವುದು. ಪ್ರತಿ ಸಲವೂ ಡಾಕ್ಟರ ಮುಖ ನೋಡುವುದು. ಇಲ್ಲಿ ಅಂಕಿ ಅಂದರೆ ಬರೀ ಅಂಕಿ ಅಲ್ಲ.

ಕೋಶಗಳನ್ನು ಹೇಗೆ ಪರೀಕ್ಷಿಸಿದರು

ಈ ಪ್ರಯೋಗದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ರಕ್ತ ತೆಗೆದು ಎರಡು ಬಗೆಯ ಕೆಲಸ ಅಳೆದರು. ಒಂದು, ನ್ಯಾಚುರಲ್ ಕಿಲ್ಲರ್ ಕೋಶಗಳದ್ದು. ಯಾರೂ ಹೇಳಿಕೊಡದಿದ್ದರೂ ಕೆಟ್ಟ ಕೋಶವನ್ನು ಗುರುತಿಸಿ ಕೊಲ್ಲುವ ಬಿಳಿ ರಕ್ತಕಣಗಳಿವು. ಇನ್ನೊಂದು, ಇಂಟರ್‌ಲ್ಯೂಕಿನ್-2 ಎಂಬ ಸಂದೇಶದ ಪ್ರೋಟೀನ್ ಕೊಟ್ಟು ಹುರಿದುಂಬಿಸಿದ ಮೇಲೆ ಕೊಲ್ಲಲು ಕಲಿಯುವ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳದ್ದು. ಇವಕ್ಕೆ ಲ್ಯಾಕ್ ಕೋಶ ಅನ್ನುತ್ತಾರೆ.

ಇಂಥ ಪರೀಕ್ಷೆಯ ಮಾಮೂಲಿ ವಿಧಾನ ಹೀಗೆ. ಲ್ಯಾಬ್‌ನಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಿಗೆ ಕ್ರೋಮಿಯಂ-51 ಎಂಬ ವಿಕಿರಣ ಸೂಸುವ ವಸ್ತು ತುಂಬಿಸುತ್ತಾರೆ. ಕ್ರೋಮಿಯಂ ಆ ಕೋಶಗಳೊಳಗೆ ಕೂತಿರುತ್ತದೆ. ಅದಕ್ಕೆ ರೋಗಿಯ ಬಿಳಿ ರಕ್ತಕಣಗಳನ್ನು ಸೇರಿಸಿ ಕೆಲವು ಗಂಟೆ ಬಿಡುತ್ತಾರೆ. ರಕ್ತಕಣ ಚುರುಕಾಗಿದ್ದರೆ ಕ್ಯಾನ್ಸರ್ ಕೋಶದ ಪೊರೆ ಒಡೆಯುತ್ತದೆ, ಕ್ರೋಮಿಯಂ ಹೊರಗೆ ಸೋರುತ್ತದೆ. ಸೋರಿದ್ದನ್ನು ಯಂತ್ರ ಎಣಿಸುತ್ತದೆ. ಜಾಸ್ತಿ ಸೋರಿದರೆ ಕಾವಲು ಗಟ್ಟಿ, ಕಡಿಮೆ ಸೋರಿದರೆ ಮಂಕು. ಎಣ್ಣೆಯ ಗುಂಪಿನಲ್ಲಿ ಈ ಕೆಲಸ ಕುಗ್ಗಿತ್ತು.

ಇದನ್ನು ಟಿ ಸೆಲ್ ಎಂಬ ಒಂದು ಬಗೆಯ ಲಿಂಫೋಸೈಟ್‌ಗಳ ಕೆಲಸ ಎಂದು ವರದಿ ಕರೆದಿದೆ. ಆ ಮಾತು ಪೂರ್ತಿ ಸರಿಯಲ್ಲ, ಯಾಕೆಂದರೆ ನ್ಯಾಚುರಲ್ ಕಿಲ್ಲರ್ ಕೋಶಗಳು ಟಿ ಸೆಲ್‌ಗಳಲ್ಲ. ಅಲ್ಲದೆ ಐಸಿಯು ರೋಗಿಯನ್ನು ಕಾಡುವುದು ಹೆಚ್ಚಾಗಿ ಬ್ಯಾಕ್ಟೀರಿಯಾ. ಅವನ್ನು ಮೊದಲು ಎದುರಿಸುವುದು ನ್ಯೂಟ್ರೋಫಿಲ್ ಮತ್ತು ಮ್ಯಾಕ್ರೋಫೇಜ್ ಎಂಬ ನುಂಗಿ ಕೊಲ್ಲುವ ಕೋಶಗಳು. ಕೊಲ್ಲುವ ಲಿಂಫೋಸೈಟ್ ಮಂಕಾಗಿದ್ದಕ್ಕೇ ನ್ಯುಮೋನಿಯಾ ಬಂತು ಅಂತ ನೇರ ಗೆರೆ ಎಳೆಯಲು ಬರುವುದಿಲ್ಲ. ಕಾವಲು ಸಡಿಲವಾಗಿದೆ ಅನ್ನುವುದಕ್ಕೆ ಅದೊಂದು ಗುರುತು, ಅಷ್ಟೇ.

ಎಣ್ಣೆ ಕೋಶವನ್ನು ಹೇಗೆ ಮಂಕು ಮಾಡೀತು

ಸೋಯಾ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಲಿನೋಲಿಕ್ ಆಮ್ಲ. ಅದು ಒಮೆಗಾ-6 ಕುಟುಂಬದ್ದು. ದೇಹ ಇದರಿಂದ ಅರಾಕಿಡೋನಿಕ್ ಆಮ್ಲ ಮಾಡಿಕೊಳ್ಳುತ್ತದೆ, ಅದು ಬಿಳಿ ರಕ್ತಕಣದ ಪೊರೆಯಲ್ಲಿ ಸೇರಿಕೊಳ್ಳುತ್ತದೆ. ಪೆಟ್ಟು ಬಿದ್ದಾಗ ಅಲ್ಲಿಂದ ಪ್ರೋಸ್ಟಗ್ಲಾಂಡಿನ್ ಇ2 ಎಂಬ ವಸ್ತು ಬರುತ್ತದೆ. ಅದು ಜಾಸ್ತಿಯಾದರೆ ಲಿಂಫೋಸೈಟ್‌ಗಳು ಇಂಟರ್‌ಲ್ಯೂಕಿನ್-2 ಮಾಡುವುದನ್ನು ಕಡಿಮೆ ಮಾಡುತ್ತವೆ, ಸಂಖ್ಯೆಯಲ್ಲೂ ಬೆಳೆಯುವುದಿಲ್ಲ. ದೊಡ್ಡ ಪೆಟ್ಟು ಬಿದ್ದ ದೇಹದಲ್ಲಿ ಈ ವಸ್ತು ಮೊದಲೇ ಏರಿರುತ್ತದೆ. ಅದರ ಮೇಲೆ ಕಚ್ಚಾ ಸಾಮಗ್ರಿಯನ್ನು ದಿನವಿಡೀ ಸುರಿಯುವುದು ಒಳ್ಳೆಯದಲ್ಲ ಅನ್ನುವುದು ವಾದ. ಇದೇ ಕುಟುಂಬದ ವಸ್ತುಗಳು ಶ್ವಾಸಕೋಶದ ರಕ್ತನಾಳಗಳ ಬಿಗಿಯನ್ನೂ ಬದಲಿಸುತ್ತವೆ. ಗಾಳಿ ಹೋಗದ ಜಾಗಕ್ಕೂ ರಕ್ತ ಹರಿದು ಆಮ್ಲಜನಕ ಸರಿಯಾಗಿ ಸೇರುವುದಿಲ್ಲ. ವೆಂಟಿಲೇಟರ್ ದಿನ ಉದ್ದವಾದದ್ದಕ್ಕೆ ಇದೂ ಕಾರಣ ಇರಬಹುದು.

ಇನ್ನೊಂದು ದಾರಿ ಲಿವರ್‌ನದು. ಲಿವರ್‌ನಲ್ಲಿ ಕುಪ್‌ಫರ್ ಕೋಶ ಎಂಬ ಮ್ಯಾಕ್ರೋಫೇಜ್‌ಗಳಿವೆ. ರಕ್ತದಲ್ಲಿ ಬರುವ ಬ್ಯಾಕ್ಟೀರಿಯಾವನ್ನು ಹಿಡಿದು ನುಂಗುವುದು ಅವುಗಳ ಕೆಲಸ. ಬಾಟಲಿಯ ಎಣ್ಣೆಹನಿ ವೇಗವಾಗಿ ಬಂದರೆ, ಅದನ್ನು ಒಡೆಯುವ ಕಿಣ್ವಕ್ಕೆ ಕೈಸಾಲದೆ, ಈ ಕೋಶಗಳೇ ಹನಿಯನ್ನೂ ನುಂಗುತ್ತವೆ. ಹೊಟ್ಟೆ ತುಂಬಿದ ಕಾವಲುಗಾರ ಕಳ್ಳನ ಹಿಂದೆ ಓಡುತ್ತಾನಾ? 1989ರಲ್ಲಿ ಅಮೆರಿಕದ ಇನ್ನೊಂದು ತಂಡ ಇದನ್ನು ರೋಗಿಗಳಲ್ಲೇ ತೋರಿಸಿತು. ತೂಕದ ಕಿಲೋಗೆ ಗಂಟೆಗೆ 0.13 ಗ್ರಾಂನಂತೆ, ದಿನಕ್ಕೆ 10 ಗಂಟೆ, ಮೂರು ದಿನ ಎಣ್ಣೆ ಕೊಟ್ಟರು. ರಕ್ತಕ್ಕೆ ಬಿಟ್ಟ ಗುರುತು ಹಾಕಿದ ಕಣಗಳನ್ನು ಲಿವರ್ ಎಷ್ಟು ಬೇಗ ಎತ್ತಿಕೊಳ್ಳುತ್ತದೆ ಅಂತ ನೋಡಿದರು. ಮೊದಲ ಡೋಸ್ ಆದ ಮೇಲೆ ವ್ಯತ್ಯಾಸ ಕಾಣಲಿಲ್ಲ. ಮೂರನೇ ದಿನಕ್ಕೆ ಲಿವರ್ ನಿಧಾನವಾಗಿತ್ತು.

ನಾನು ಇದರಿಂದ ತೆಗೆದುಕೊಂಡದ್ದು ವೇಗದ ಲೆಕ್ಕ. 60 ಕಿಲೋ ತೂಕದವರಿಗೆ ದಿನಕ್ಕೆ 60 ಗ್ರಾಂ ಎಣ್ಣೆ ಅಂದುಕೊಳ್ಳಿ, ಅಂದರೆ 20 ಪರ್ಸೆಂಟ್ ಬಾಟಲಿಯ 300 ಮಿಲಿ. ಅದನ್ನು 24 ಗಂಟೆಗೆ ಹರಡಿದರೆ ಗಂಟೆಗೆ 12.5 ಮಿಲಿ, ಕಿಲೋಗೆ 0.04 ಗ್ರಾಂ. ಅದೇ ಬಾಟಲಿಯನ್ನು 10 ಗಂಟೆಯಲ್ಲಿ ಮುಗಿಸಿದರೆ ಕಿಲೋಗೆ 0.1 ಗ್ರಾಂ. ಎಣ್ಣೆ ಅದೇ, ಪ್ರಮಾಣ ಅದೇ, ಕುಪ್‌ಫರ್ ಕೋಶದ ಮೇಲಿನ ಹೊರೆ ಸುಮಾರು ಎರಡೂವರೆ ಪಟ್ಟು. ರಾತ್ರಿ ಪಾಳಿಯಲ್ಲಿ ಪಂಪ್ ಸಿಗಲಿಲ್ಲ ಅಂತ ಕೈಯಿಂದಲೇ ಹನಿ ಎಣಿಸಿ ಬಾಟಲಿ ಬಿಟ್ಟರೆ ವೇಗ ಸುಮ್ನೆ ಏರಿಬಿಡುತ್ತದೆ.

ಗಂಟು ಎಲ್ಲಿದೆ

ಈಗ ಆ ಕೈತಪ್ಪಿದ ಸಂಗತಿ. ಎಣ್ಣೆ ತೆಗೆದರು, ಅದರ ಬದಲಿಗೆ ಬೇರೇನನ್ನೂ ಸೇರಿಸಲಿಲ್ಲ. ಹಾಗಾಗಿ ಎಣ್ಣೆ ಇಲ್ಲದ ಗುಂಪಿಗೆ ಸುಮಾರು ಕಾಲು ಭಾಗ ಕ್ಯಾಲರಿಯೂ ಕಡಿಮೆ ಸಿಕ್ಕಿತು. ಅವರು ಬೇಗ ಸುಧಾರಿಸಿದ್ದು ಎಣ್ಣೆ ಇಲ್ಲದ್ದಕ್ಕೋ, ಊಟವೇ ಕಡಿಮೆ ಆಗಿದ್ದಕ್ಕೋ? ಬ್ಯಾಟಿಸ್ಟೆಲ್ಲಾ ತಂಡವೇ ತನ್ನ ವರದಿಯ ಕೊನೆಯಲ್ಲಿ ಇದನ್ನು ಹೇಳಿದೆ: ಕಾರಣ ಇದೋ ಅದೋ ಬಿಡಿಸಿ ಹೇಳಲು ಆಗದು ಎಂದು. ಆ ಪ್ರಾಮಾಣಿಕತೆಗೆ ನನಗೆ ಗೌರವವಿದೆ. ಆಮೇಲೆ ಈ ಪ್ರಯೋಗವನ್ನು ಉಲ್ಲೇಖಿಸಿ ಮಾತಾಡಿದ ಎಷ್ಟೋ ಜನ ಆ ಒಂದು ವಾಕ್ಯ ಬಿಟ್ಟು ಉಳಿದದ್ದನ್ನು ಹೇಳಿದರು.

ಊಟ ಕಡಿಮೆ ಆಗಿದ್ದಕ್ಕೆ ಒಳ್ಳೆಯದಾಗುತ್ತಾ ಅಂತ ಕೇಳಿದರೆ ಸಾಮಾನ್ಯರು ನಂಬುವುದು ಕಷ್ಟ. ರೋಗಿ ಚೆನ್ನಾಗಿ ತಿಂದರೆ ಬೇಗ ಏಳುತ್ತಾನೆ ಅನ್ನುವುದು ನಮ್ಮ ತಲೆಯಲ್ಲಿ ಕೂತಿದೆ. 2011ರಲ್ಲಿ ಬೆಲ್ಜಿಯಂನಲ್ಲಿ 4640 ಐಸಿಯು ರೋಗಿಗಳ ಮೇಲೆ ನಡೆದ ಎಪಾನಿಕ್ ಪ್ರಯೋಗ ಇದನ್ನು ನೇರವಾಗಿ ಪರೀಕ್ಷಿಸಿತು. ಹೊಟ್ಟೆಯ ಮೂಲಕ ಕೊಟ್ಟದ್ದು ಸಾಲದಿದ್ದಾಗ ಒಂದು ಗುಂಪಿಗೆ 48 ಗಂಟೆಯೊಳಗೆ ರಕ್ತನಾಳದ ಊಟ ಶುರುಮಾಡಿದರು. ಇನ್ನೊಂದಕ್ಕೆ 8ನೇ ದಿನಕ್ಕೆ ಮೊದಲು ಕೊಡಲಿಲ್ಲ. ಬೇಗ ಶುರುಮಾಡಿದವರಲ್ಲಿ 26.2 ಪರ್ಸೆಂಟ್ ಜನಕ್ಕೆ ಹೊಸ ಸೋಂಕು ಬಂತು, ತಡವಾಗಿ ಶುರುಮಾಡಿದವರಲ್ಲಿ 22.8. ಅಂದರೆ ಆ 27 ಜನರಿಗೆ ಆದ ಒಳಿತಿನಲ್ಲಿ ಒಂದು ಪಾಲು ಕ್ಯಾಲರಿ ತಗ್ಗಿದ್ದರಿಂದಲೇ ಬಂದಿರಬಹುದು.

ನನ್ನ ತೀರ್ಮಾನ ಇಷ್ಟು. ಎಣ್ಣೆಯೊಂದೇ ತಪ್ಪಿತಸ್ಥ ಅಂತ ಈ ಪ್ರಯೋಗ ಸಾಬೀತು ಮಾಡಲಿಲ್ಲ. ಎಣ್ಣೆ ಅಂದರೆ ಸುಮ್ನೆ ಕ್ಯಾಲರಿ, ಕೊಟ್ಟರೆ ನಷ್ಟವೇನಿಲ್ಲ ಅನ್ನುವ ಧೈರ್ಯವನ್ನಂತೂ ಮುರಿಯಿತು. 57 ಜನ ಅಂದರೆ ತೀರಾ ಕಡಿಮೆ. ದಿನಗಳ ಸರಾಸರಿಯ ಸುತ್ತ ಏರಿಳಿತವೂ ದೊಡ್ಡದು. ಆದರೂ ಲ್ಯಾಬ್‌ನ ಸೂಚನೆ ಮತ್ತು ಹಾಸಿಗೆಯ ಪಕ್ಕದ ಫಲ ಎರಡೂ ಒಂದೇ ಕಡೆ ವಾಲಿದಾಗ ಅದನ್ನು ತಳ್ಳಿಹಾಕುವುದು ತಪ್ಪು.

ಅಮೆರಿಕದ ತಜ್ಞರ ಸಲಹೆಯೂ ಇದರ ಜೊತೆ ತೂಗಾಡಿತು. 2016ರ ಮಾರ್ಗಸೂಚಿ ಹೇಳಿದ್ದು: ಐಸಿಯು ರೋಗಿಗೆ ಮೊದಲ ವಾರ ಸೋಯಾ ಎಣ್ಣೆ ಕೊಡಬೇಡಿ, ಕೊಡಲೇಬೇಕಾದರೆ ವಾರಕ್ಕೆ 100 ಗ್ರಾಂ ಮೀರಬೇಡಿ, ಅದನ್ನೂ ಎರಡು ಕಂತಿನಲ್ಲಿ ಕೊಡಿ. 250 ಮಿಲಿಯ 20 ಪರ್ಸೆಂಟ್ ಬಾಟಲಿ ಎರಡಕ್ಕೆ ಸರಿಯಾಗಿ 100 ಗ್ರಾಂ. 2022ರ ಮಾರ್ಗಸೂಚಿ ಆ ಬಿಗಿ ಸಡಿಲಿಸಿತು. ಮೊದಲ ವಾರವೂ ಸೋಯಾ ಎಣ್ಣೆ ಆಗಲಿ ಮಿಶ್ರ ಎಣ್ಣೆ ಆಗಲಿ ಕೊಡಬಹುದು ಎಂದಿತು. ಈಗ ಸಿಗುವ ಒಂದು ಮಿಶ್ರಣದಲ್ಲಿ ಸೋಯಾ 30 ಪರ್ಸೆಂಟ್, ತೆಂಗಿನೆಣ್ಣೆಯಲ್ಲಿರುವಂಥ ಮಧ್ಯಮ ಸರಪಳಿಯ ಕೊಬ್ಬು 30, ಆಲಿವ್ 25, ಮೀನೆಣ್ಣೆ 15. ಮೀನೆಣ್ಣೆಯ ಒಮೆಗಾ-3 ಅರಾಕಿಡೋನಿಕ್ ಆಮ್ಲದ ಜಾಗದಲ್ಲಿ ತಾನು ಕೂರುತ್ತದೆ, ಅದರಿಂದ ಬರುವ ಪ್ರೋಸ್ಟಗ್ಲಾಂಡಿನ್ ಅಷ್ಟು ಖಾರ ಅಲ್ಲ. ಬೆಲೆ ಮಾತ್ರ ಜಾಸ್ತಿ. ಬಿಲ್ ಕಟ್ಟಲು ಹೊಲ ಅಡ ಇಟ್ಟು ಬಂದವರಿಗೆ ಇದೇ ಬೇಕು ಅಂತ ನಾನು ಒತ್ತಾಯ ಮಾಡಲಾರೆ. ಸೋಯಾ ಎಣ್ಣೆಯನ್ನೇ ನಿಧಾನವಾಗಿ, ಅಳತೆಯಲ್ಲಿ ಕೊಟ್ಟರೆ ಆಗುತ್ತದೆ.

ಕಣ್ಣು ತಪ್ಪುವ ಎಣ್ಣೆ

ನಮ್ಮ ಐಸಿಯುಗಳಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಎಣ್ಣೆ ಒಂದಿದೆ. ವೆಂಟಿಲೇಟರ್ ರೋಗಿಯನ್ನು ಮಲಗಿಸಿಡಲು ಪ್ರೊಪೊಫಾಲ್ ಹಾಕುತ್ತಾರೆ. ಅದೂ ಬಿಳಿ. ಸಾಮಾನ್ಯವಾಗಿ 10 ಪರ್ಸೆಂಟ್ ಸೋಯಾ ಎಣ್ಣೆಯಲ್ಲಿ ಕರಗಿಸಿದ ಔಷಧಿ ಅದು. ಮಿಲಿಗೆ 1.1 ಕ್ಯಾಲರಿ. ಗಂಟೆಗೆ 15 ಮಿಲಿ ಓಡಿದರೆ ದಿನಕ್ಕೆ 360 ಮಿಲಿ, ಅಂದರೆ 36 ಗ್ರಾಂ ಎಣ್ಣೆ, ಸುಮಾರು 400 ಕ್ಯಾಲರಿ. "ಈ ರೋಗಿಗೆ ಲಿಪಿಡ್ ನಿಲ್ಲಿಸಿದೀವಿ" ಅಂತ ಚಾರ್ಟಿನಲ್ಲಿ ಬರೆದಿರುತ್ತದೆ, ಪಕ್ಕದ ಪಂಪಿನಲ್ಲಿ ದಿನಕ್ಕೆ 36 ಗ್ರಾಂ ಹೋಗುತ್ತಲೇ ಇರುತ್ತದೆ. ನಾನು ಈಗ ಪ್ರತಿ ಬೆಡ್‌ನಲ್ಲೂ ಮೊದಲು ನೋಡುವುದು ಪ್ರೊಪೊಫಾಲ್ ಪಂಪಿನ ಅಂಕಿಯನ್ನು.

ಆ ಹುಡುಗನ ವಿಷಯದಲ್ಲಿ ಆದದ್ದೂ ಇದೇ. ಟಿಪಿಎನ್ ಲೆಕ್ಕ ಹಾಕುವಾಗ ನಾನು ಪ್ರೊಪೊಫಾಲ್ ಸೇರಿಸಿರಲಿಲ್ಲ. ಬೆಳಿಗ್ಗೆ ಲ್ಯಾಬ್ ಹುಡುಗಿ ಫೋನ್ ಮಾಡಿ "ಮೇಡಂ, ಸ್ಯಾಂಪಲ್ ನೋಡ್ಬೇಕು ನೀವು, ಬನ್ನಿ" ಅಂದಳು. ಟ್ಯೂಬನ್ನು ಬೆಳಕಿಗೆ ಹಿಡಿದಳು. ಕೆಳಗೆ ಕೆಂಪು, ಮೇಲೆ ತಿಳಿ ಹಳದಿ ಇರಬೇಕಾದ ಕಡೆ ಕೆನೆ ಕಟ್ಟಿದ ಹಾಗೆ ಬಿಳಿ. ರಕ್ತದಲ್ಲಿನ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 400 ದಾಟಿತ್ತು. ಆ ಮಟ್ಟ ದಾಟಿದರೆ ಎಣ್ಣೆ ಕಡಿಮೆ ಮಾಡಬೇಕು ಇಲ್ಲವೇ ನಿಲ್ಲಿಸಬೇಕು. ದೇಹ ಒಡೆದು ಮುಗಿಸುವುದಕ್ಕಿಂತ ವೇಗವಾಗಿ ನಾವು ಸುರಿಯುತ್ತಿದ್ದೇವೆ ಅಂತ ಅದರರ್ಥ. ಕುಪ್‌ಫರ್ ಕೋಶಗಳ ಮುಂದೆ ಏನು ರಾಶಿ ಬಿದ್ದಿದೆ ಅನ್ನುವುದು ಆ ಟ್ಯೂಬಿನಲ್ಲಿ ಕಾಣುತ್ತಿತ್ತು.

ಡಾಕ್ಟರ ಜೊತೆ ಮಾತಾಡಿ ಬಿಳಿ ಬಾಟಲಿ ಇಳಿಸಿದೆವು. ಮಲಗಿಸುವ ಔಷಧಿ ಬದಲಾಯಿತು. ಎರಡು ದಿನಕ್ಕೆ ಟ್ಯೂಬ್ ತಿಳಿಯಾಯಿತು. ಸರ್ಜನ್ ಹೊಟ್ಟೆಗೆ ಕಿವಿಗೊಟ್ಟು ಕೇಳಿ, ಕರುಳು ಸದ್ದು ಮಾಡ್ತಿದೆ, ಶುರು ಮಾಡಿ ಅಂದರು. ಮೂಗಿನ ರೈಲ್ಸ್ ಟ್ಯೂಬಿನಲ್ಲಿ ಗಂಟೆಗೆ 20 ಮಿಲಿ ಸೋಸಿದ ಗಂಜಿ ಬಿಟ್ಟೆವು.

ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಈಗ ಎಣ್ಣೆ ಇಲ್ಲ ಅಲ್ವಾ ಮೇಡಂ?"

"ಒಂದು ಚಮಚ ಇದೆ ಅಮ್ಮ, ಗಂಜಿಗೇ ಸೇರಿಸಿದ್ದೀವಿ. ಇದು ಕರುಳಿಂದ ನಿಧಾನಕ್ಕೆ ಇಳಿದು, ಲಿಂಫ್ ನಾಳದಿಂದ ಹಾದು ರಕ್ತಕ್ಕೆ ಸೇರುತ್ತೆ. ಒಂದೇ ಸಲ ನುಗ್ಗಲ್ಲ."

ಅವರು ಸ್ವಲ್ಪ ಹೊತ್ತು ಟ್ಯೂಬನ್ನೇ ನೋಡಿದರು. "ಹಂಗಾದ್ರೆ ನಮ್ಮನೆ ಗಾಣದ ಎಣ್ಣೆ ತಂದ್ಕೊಡ್ಲಾ?" ಎಂದರು.